ಬಿಡದೆ ಕಾಡುವ ತಲೆನೋವಿಗೆ ದವಡೆಯ ಕೀಲು ಕಾರಣವೇ? ಗುರುತಿಸುವುದು, ನಿಭಾಯಿಸುವುದು ಹೇಗೆ?

ಬೆಳಗ್ಗೆ ಏಳುವಾಗಲೇ ಎರಡೂ ಕಣತಲೆಗಳಲ್ಲಿ ಬಿಗಿತ. ಹಲ್ಲುಜ್ಜಲು ಬಾಯಿ ತೆರೆದರೆ ಕಿವಿಯ ಮುಂದೆ 'ಟಿಕ್' ಎಂಬ ಸದ್ದು. ಮಧ್ಯಾಹ್ನ ಊಟದ ಡಬ್ಬಿ ಖಾಲಿಯಾಗುವಷ್ಟರಲ್ಲಿ ಕೆನ್ನೆ ಸೋತುಹೋಗಿರುತ್ತದೆ. ಸಂಜೆ ಹೊತ್ತಿಗೆ ತಲೆಗೆ ಪಟ್ಟಿ ಬಿಗಿದು ಕಟ್ಟಿದಂಥ ನೋವು. ಕಣ್ಣು ತೋರಿಸಿದ್ದಾಯಿತು, ಕನ್ನಡಕ ಬದಲಿಸಿದ್ದಾಯಿತು, ಸೈನಸ್ ಇರಬಹುದೆಂದು ಎಕ್ಸ್-ರೇ ತೆಗೆಸಿದ್ದಾಯಿತು, ಕಿವಿಗೆ ಹನಿ ಔಷಧ ಹಾಕಿದ್ದೂ ಆಯಿತು. ನೋವು ಮಾತ್ರ ಹೋಗಲಿಲ್ಲ.

ಹೀಗೆ ತಿಂಗಳುಗಟ್ಟಲೆ ಅಲೆದವರಲ್ಲಿ ಕೆಲವರ ನೋವಿನ ಮೂಲ ದವಡೆಯ ಕೀಲಿನಲ್ಲಿ ಮತ್ತು ಅಗಿಯಲು ಬಳಸುವ ಸ್ನಾಯುಗಳಲ್ಲಿ ಇರುತ್ತದೆ. ಈ ತೊಂದರೆ ಬಹುತೇಕ ಸಂದರ್ಭಗಳಲ್ಲಿ ಸರಳ ಕ್ರಮಗಳಿಂದಲೇ ಹತೋಟಿಗೆ ಬರುತ್ತದೆ ಎಂಬುದು ಸಮಾಧಾನದ ಸಂಗತಿ. ಆದರೆ ಮೂಲ ತಿಳಿಯದೆ ದಿನವೂ ನೋವಿನ ಮಾತ್ರೆ ನುಂಗುವುದು, ಇಲ್ಲವೇ ಅವಸರಪಟ್ಟು ಹಲ್ಲು ಉಜ್ಜಿಸಿಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು, ಈ ಎರಡು ತಪ್ಪುಗಳಿಂದ ಸಣ್ಣ ತೊಂದರೆಯೇ ದೊಡ್ಡದಾಗಬಹುದು.

ತಲೆನೋವು ಎಷ್ಟು ಸಾಮಾನ್ಯ?

ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಅಂತರರಾಷ್ಟ್ರೀಯ ಸಂಶೋಧಕರ ಜೊತೆಗೂಡಿ ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. 18ರಿಂದ 65 ವರ್ಷದೊಳಗಿನ ವಯಸ್ಕರಲ್ಲಿ ಮೂರನೇ ಎರಡರಷ್ಟು ಜನ ಹಿಂದಿನ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದ್ದರು. ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇತ್ತು. ಇಷ್ಟು ಸಾಮಾನ್ಯವಾದ ತೊಂದರೆಯಾದ್ದರಿಂದಲೇ 'ತಲೆನೋವು ತಾನೇ' ಎಂದು ಅದನ್ನು ಕಡೆಗಣಿಸುವುದೂ ಸಾಮಾನ್ಯವಾಗಿದೆ.

ತಲೆನೋವುಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಪಟ್ಟಿಯ 2018ರ ಆವೃತ್ತಿಯಲ್ಲಿ ದವಡೆ ಕೀಲಿನ ತೊಂದರೆಯಿಂದ ಬರುವ ತಲೆನೋವಿಗೆ ಪ್ರತ್ಯೇಕ ಸ್ಥಾನವೇ ಇದೆ. ಅಂದರೆ ಇದು ರೋಗಿಯ ಕಲ್ಪನೆಯಲ್ಲ. ಮಾನಸಿಕ ಒತ್ತಡದಿಂದ ಇದು ಹೆಚ್ಚಬಹುದು. ಹಾಗೆಂದು 'ಎಲ್ಲಾ ಮನಸ್ಸಿನಲ್ಲೇ ಇದೆ' ಎಂದು ತಳ್ಳಿಹಾಕುವಂತಿಲ್ಲ.

ಕಿವಿಯ ಮುಂದಿರುವ ಕೀಲು

ಎರಡೂ ತೋರುಬೆರಳುಗಳನ್ನು ಕಿವಿಯ ರಂಧ್ರದ ಸ್ವಲ್ಪ ಮುಂದೆ ಇಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನಡಿ ಏನೋ ಸರಿದಾಡಿದಂತೆ ಆಗುತ್ತದೆ. ಅದೇ ದವಡೆಯ ಕೀಲು. ವೈದ್ಯರು ಇದನ್ನು ಟಿಎಂಜೆ ಎನ್ನುತ್ತಾರೆ. ಈ ಕೀಲು ಮತ್ತು ಅದರ ಸುತ್ತಲಿನ ಸ್ನಾಯುಗಳ ತೊಂದರೆಗಳಿಗೆ ಒಟ್ಟಾಗಿ ಟಿಎಂಡಿ ಎಂದು ಹೆಸರು.

ಕೆಳದವಡೆಯ ಎಲುಬಿನ ಗುಂಡನೆಯ ತುದಿ ತಲೆಬುರುಡೆಯ ಒಂದು ಗುಳಿಯಲ್ಲಿ ಕೂರುತ್ತದೆ. ಎರಡರ ನಡುವೆ ಮೆತ್ತೆಯಂಥ ಒಂದು ಬಿಲ್ಲೆ ಇರುತ್ತದೆ. ಬಾಯಿ ಸ್ವಲ್ಪ ತೆರೆದಾಗ ಈ ಕೀಲು ಬಾಗಿಲಿನ ತಿರುಗಣಿಯಂತೆ ತಿರುಗುತ್ತದೆ. ಇನ್ನೂ ಅಗಲಿಸಿದಾಗ ಮುಂದಕ್ಕೆ ಜಾರುತ್ತದೆ. ಎಡ ಬಲ ಎರಡೂ ಕೀಲುಗಳು ಒಂದೇ ಎಲುಬಿಗೆ ಸೇರಿರುವುದರಿಂದ ಒಂದು ಕಡೆ ತೊಂದರೆಯಾದರೆ ಇನ್ನೊಂದು ಕಡೆಗೂ ಹೊರೆ ಬೀಳುತ್ತದೆ. ಮಾತು, ಊಟ, ಆಕಳಿಕೆ, ನುಂಗುವುದು ಎಲ್ಲಕ್ಕೂ ಇದು ಬೇಕು. ಕಾಲು ಉಳುಕಿದಾಗ ಮಂಚದ ಮೇಲೆ ಮಲಗಿ ಕಾಲಿಗೆ ವಿಶ್ರಾಂತಿ ಕೊಡಬಹುದು. ದವಡೆಗೆ ಆ ಭಾಗ್ಯವಿಲ್ಲ.

ದವಡೆಯ ನೋವು ತಲೆಗೆ ಏರುವುದು ಹೇಗೆ?

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಸ್ನಾಯು. ಅಗಿಯುವ ಮುಖ್ಯ ಸ್ನಾಯುಗಳಲ್ಲಿ ಒಂದು ಕೆನ್ನೆಯಲ್ಲಿದೆ. ಇನ್ನೊಂದು ಬೀಸಣಿಗೆಯಂತೆ ಕಣತಲೆಯ ತುಂಬ ಹರಡಿಕೊಂಡಿದೆ. ಕಣತಲೆಯ ಮೇಲೆ ಕೈಯಿಟ್ಟು ಹಲ್ಲು ಕಚ್ಚಿದರೆ ಆ ಸ್ನಾಯು ಉಬ್ಬುವುದು ಗೊತ್ತಾಗುತ್ತದೆ. ದಿನವಿಡೀ ಹಲ್ಲು ಬಿಗಿಹಿಡಿದಿದ್ದರೆ ಆ ಸ್ನಾಯುವೇ ದಣಿದು ನೋಯುತ್ತದೆ. ಅದನ್ನೇ ನಾವು ತಲೆನೋವು ಎನ್ನುತ್ತೇವೆ.

ಎರಡನೆಯದು ನರ. ಮುಖ, ಹಲ್ಲು, ದವಡೆ, ಹಣೆ, ಕಣ್ಣಿನ ಸುತ್ತಲಿನ ಸಂವೇದನೆಯನ್ನು ಮಿದುಳಿಗೆ ಒಯ್ಯುವುದು ಐದನೆಯ ಕಪಾಲ ನರವಾದ ಟ್ರೈಜೆಮಿನಲ್ ನರ. ಮೈಗ್ರೇನ್ ನೋವಿನಲ್ಲೂ ಇದೇ ನರಜಾಲದ ಪಾತ್ರವಿದೆ. ಹಲವು ಕಡೆಯ ಸಂದೇಶಗಳು ಒಂದೇ ದಾರಿಯಲ್ಲಿ ಬಂದು ಸೇರುವುದರಿಂದ ನೋವು ಎಲ್ಲಿ ಹುಟ್ಟಿತು ಎಂಬುದನ್ನು ಮಿದುಳು ಸರಿಯಾಗಿ ಗುರುತಿಸಲಾರದು. ದವಡೆಯ ನೋವು ಕಿವಿನೋವಾಗಿ, ಹಲ್ಲುನೋವಾಗಿ, ಕಣ್ಣಿನ ಹಿಂದಿನ ನೋವಾಗಿ ಕಾಣುವುದು ಇದೇ ಕಾರಣಕ್ಕೆ. ಮೈಗ್ರೇನ್ ಇರುವವರಲ್ಲಿ ದವಡೆಯ ತೊಂದರೆ, ದವಡೆಯ ತೊಂದರೆ ಇರುವವರಲ್ಲಿ ಮೈಗ್ರೇನ್ ಹೆಚ್ಚಾಗಿ ಕಂಡುಬರುತ್ತವೆ. ಒಂದು ಕೆರಳಿದರೆ ಇನ್ನೊಂದೂ ಕೆರಳಬಹುದು.

ಕಾರಣಗಳೇನು?

ಹೆಚ್ಚಿನವರಲ್ಲಿ ಒಂದೇ ಒಂದು ಕಾರಣವನ್ನು ಬೊಟ್ಟು ಮಾಡಿ ತೋರಿಸಲಾಗದು. ಹಲವು ಸಂಗತಿಗಳು ಸೇರಿಕೊಂಡಿರುತ್ತವೆ.

* ಹಗಲಿನಲ್ಲಿ ಅರಿವಿಲ್ಲದೆ ಹಲ್ಲು ಕಚ್ಚಿ ಹಿಡಿಯುವುದು. ಕಂಪ್ಯೂಟರ್ ಮುಂದೆ ಗಂಟೆಗಟ್ಟಲೆ ಕೂರುವವರು, ದಟ್ಟಣೆಯಲ್ಲಿ ವಾಹನ ಓಡಿಸುವವರು, ಗಡುವಿನ ಒತ್ತಡದಲ್ಲಿ ಕೆಲಸ ಮಾಡುವವರಲ್ಲಿ ಇದು ಸಾಮಾನ್ಯ.
* ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವುದು. ಅತಿಯಾದ ಕಾಫಿ, ಮದ್ಯ, ಧೂಮಪಾನ ಮತ್ತು ಕೆಲವು ಖಿನ್ನತೆ ನಿವಾರಕ ಔಷಧಗಳ ಜೊತೆ ಇದಕ್ಕೆ ನಂಟಿದೆ. ಹಾಗೆಂದು ವೈದ್ಯರು ಕೊಟ್ಟ ಔಷಧವನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು.
* ದವಡೆಗೆ ಬಿದ್ದ ಪೆಟ್ಟು, ವಾಹನ ಅಪಘಾತದಲ್ಲಿ ಕತ್ತಿಗೆ ಆದ ಜರ್ಕು, ಹಲ್ಲಿನ ಚಿಕಿತ್ಸೆಗಾಗಿ ಬಹಳ ಹೊತ್ತು ಬಾಯಿ ಅಗಲಿಸಿ ಕೂತದ್ದು.
* ಕೀಲಿನ ಬಿಲ್ಲೆ ಜಾಗ ತಪ್ಪುವುದು, ಸವೆತ, ರುಮಟಾಯ್ಡ್ ಸಂಧಿವಾತದಂಥ ಕಾಯಿಲೆಗಳು.
* ಉಗುರು ಕಚ್ಚುವುದು, ಪೆನ್ನು ಕಡಿಯುವುದು, ಸದಾ ಚ್ಯೂಯಿಂಗ್ ಗಮ್ ಅಥವಾ ಅಡಿಕೆ ಅಗಿಯುವುದು, ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಮಾತನಾಡುವುದು.
* ನಿದ್ದೆಗೇಡು, ಆತಂಕ, ಖಿನ್ನತೆ. ಇವು ನೋವನ್ನು ಹೆಚ್ಚಿಸುತ್ತವೆ. ನೋವು ಇವನ್ನು ಹೆಚ್ಚಿಸುತ್ತದೆ.

ಪುರುಷರಿಗಿಂತ ಮಹಿಳೆಯರಲ್ಲಿ, ಅದರಲ್ಲೂ 20ರಿಂದ 40 ವರ್ಷದವರಲ್ಲಿ ಈ ತೊಂದರೆ ಹೆಚ್ಚು. ಸಂಸಾರ, ಕಚೇರಿ ಎರಡನ್ನೂ ತೂಗಿಸುವ ವಯಸ್ಸು ಅದು. 'ನಿದ್ದೆ ಮಾಡಿದರೆ ಸರಿಹೋಗುತ್ತದೆ' ಎಂಬ ಮಾತು ಕೇಳಿ ಕೇಳಿಯೇ ಅನೇಕರು ವೈದ್ಯರ ಬಳಿ ಹೋಗುವುದನ್ನು ಮುಂದೂಡುತ್ತಾರೆ.

ನಿಮ್ಮ ತಲೆನೋವು ದವಡೆಯದ್ದೇ? ಈ ಗುರುತುಗಳನ್ನು ನೋಡಿ

1. ನೋವು ಮುಖ್ಯವಾಗಿ ಕಣತಲೆಯಲ್ಲಿ, ಒಂದು ಕಡೆ ಅಥವಾ ಎರಡೂ ಕಡೆ ಇದೆ.
2. ಅಗಿದಾಗ, ಆಕಳಿಸಿದಾಗ, ಬಹಳ ಹೊತ್ತು ಮಾತನಾಡಿದಾಗ ಅಥವಾ ಹಲ್ಲು ಕಚ್ಚಿದಾಗ ತಲೆನೋವು ಹೆಚ್ಚುತ್ತದೆ.
3. ಕಣತಲೆ ಅಥವಾ ಕೆನ್ನೆಯ ಸ್ನಾಯುವನ್ನು ಬೆರಳಿನಿಂದ ಒತ್ತಿದರೆ 'ಇದೇ ನನ್ನ ತಲೆನೋವು' ಎನ್ನುವಂಥ ನೋವು ಮರುಕಳಿಸುತ್ತದೆ.
4. ಬೆಳಗ್ಗೆ ಏಳುವಾಗ ದವಡೆ ಬಿಗಿದಿರುತ್ತದೆ, ಹಲ್ಲುಗಳು ಜುಮ್ಮೆನ್ನುತ್ತವೆ.
5. ನಿಮ್ಮ ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳು ಮೂರನ್ನೂ ಸೇರಿಸಿ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ ಇಡಲಾಗುತ್ತಿಲ್ಲ. ವಯಸ್ಕರ ಬಾಯಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ತೆರೆಯುತ್ತದೆ.
6. ಬಾಯಿ ತೆರೆಯುವಾಗ ದವಡೆ ಒಂದು ಕಡೆಗೆ ವಾಲುತ್ತದೆ ಅಥವಾ ನಡುವೆ ಸಿಕ್ಕಿಕೊಳ್ಳುತ್ತದೆ.
7. ಕಿವಿಯಲ್ಲಿ ನೋವು, ತುಂಬಿದ ಅನುಭವ ಇದೆ. ಆದರೆ ಕಿವಿ ಪರೀಕ್ಷಿಸಿದ ವೈದ್ಯರು ಏನೂ ದೋಷವಿಲ್ಲ ಎಂದಿದ್ದಾರೆ.

ಇವುಗಳಲ್ಲಿ 2 ಮತ್ತು 3ನೆಯವು ಹೆಚ್ಚು ಮುಖ್ಯ. ದವಡೆಯ ಚಲನೆಯ ಜೊತೆ ತಲೆನೋವು ಏರಿಳಿಯದಿದ್ದರೆ ಬೇರೆ ಕಾರಣವನ್ನು ಹುಡುಕಬೇಕು. ನೋವಿಲ್ಲದೆ ಬರೀ 'ಟಿಕ್' ಸದ್ದು ಮಾತ್ರ ಇದ್ದರೆ ಹೆದರಬೇಕಿಲ್ಲ. ಆರೋಗ್ಯವಂತರಲ್ಲೂ ಆ ಸದ್ದು ಇರುತ್ತದೆ, ಅದಕ್ಕೆ ಚಿಕಿತ್ಸೆಯೂ ಬೇಕಿಲ್ಲ.

ಅಡಿಕೆ, ಗುಟ್ಕಾ ಅಗಿಯುವವರಿಗೆ ವಿಶೇಷ ಎಚ್ಚರಿಕೆ

ಬಾಯಿ ತೆರೆಯಲು ಕಷ್ಟವಾದರೆ ಅದೆಲ್ಲವೂ ಕೀಲಿನ ತೊಂದರೆಯಲ್ಲ. ಅಡಿಕೆ, ಗುಟ್ಕಾ, ಪಾನ್ ಮಸಾಲಾ ಅಭ್ಯಾಸ ಇರುವವರಲ್ಲಿ ಬಾಯಿಯ ಒಳಪದರ ನಾರುಗಟ್ಟಿ ಗಡುಸಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆ ಬರುತ್ತದೆ. ಖಾರ ತಿಂದರೆ ಬಾಯಿ ಉರಿಯುವುದು, ಒಳಗೆನ್ನೆ ಬಿಳಿಚಿಕೊಂಡು ಗಟ್ಟಿಯಾಗುವುದು, ಬಾಯಿ ತಿಂಗಳಿನಿಂದ ತಿಂಗಳಿಗೆ ಕಿರಿದಾಗುವುದು ಇದರ ಲಕ್ಷಣ. ಇದು ಮುಂದೆ ಕ್ಯಾನ್ಸರ್ ಆಗಿ ಬದಲಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಸೇರದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ. ಈ ಲಕ್ಷಣವಿದ್ದರೆ ಅಭ್ಯಾಸ ನಿಲ್ಲಿಸಿ ಕೂಡಲೇ ದಂತವೈದ್ಯರಿಗೆ ತೋರಿಸಬೇಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

* ಇದ್ದಕ್ಕಿದ್ದಂತೆ ಸಿಡಿಲು ಬಡಿದಂತೆ ಬಂದ, ಹಿಂದೆಂದೂ ಕಾಣದಷ್ಟು ತೀವ್ರವಾದ ತಲೆನೋವು.
* ತಲೆನೋವಿನ ಜೊತೆ ಜ್ವರ, ಕತ್ತು ಬಿಗಿತ, ಗೊಂದಲ, ಫಿಟ್ಸ್, ಮಾತು ತೊದಲುವುದು, ಕೈಕಾಲು ಬಲಹೀನವಾಗುವುದು ಅಥವಾ ಮರಗಟ್ಟುವುದು.
* 50 ವರ್ಷ ದಾಟಿದವರಲ್ಲಿ ಹೊಸದಾಗಿ ಶುರುವಾದ ತಲೆನೋವು, ಅಗಿಯುವಾಗ ದವಡೆ ನೋವು, ತಲೆ ಬಾಚಿದರೆ ನೋವು, ದೃಷ್ಟಿ ಮಂಜಾಗುವುದು. ಇದು ಕಣತಲೆಯ ರಕ್ತನಾಳದ ಉರಿಯೂತ ಆಗಿರಬಹುದು. ಕೂಡಲೇ ಚಿಕಿತ್ಸೆ ಸಿಗದಿದ್ದರೆ ಕಣ್ಣು ಶಾಶ್ವತವಾಗಿ ಹೋಗಬಹುದು.
* ಮೆಟ್ಟಿಲು ಹತ್ತಿದಾಗ ಅಥವಾ ಬೇಗ ನಡೆದಾಗ ದವಡೆ ನೋವು ಬಂದು, ಜೊತೆಗೆ ಎದೆಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಹೃದಯದ ತೊಂದರೆ ಇರಬಹುದು.
* ಆಕಳಿಸಿದಾಗ ದವಡೆ ಜಾರಿ ಬಾಯಿ ಮುಚ್ಚಲಾಗದೆ ನಿಂತುಬಿಟ್ಟರೆ ಒತ್ತಿ ಕೂರಿಸಲು ಮನೆಯವರು ಪ್ರಯತ್ನಿಸಬಾರದು.
* ಮುಖದಲ್ಲಿ ಊತ, ಜ್ವರ, ನುಂಗಲು ಕಷ್ಟ ಇದ್ದರೆ ಹಲ್ಲಿನ ಸೋಂಕು ಹರಡಿರುವ ಸಾಧ್ಯತೆ ಇದೆ.

ಯಾವ ವೈದ್ಯರ ಬಳಿ ಹೋಗಬೇಕು?

ಗೊಂದಲ ಹುಟ್ಟುವುದು ಇಲ್ಲೇ. ದವಡೆ ಕೀಲು ದಂತವೈದ್ಯರು, ಕಿವಿ-ಮೂಗು-ಗಂಟಲು ತಜ್ಞರು, ನರರೋಗ ತಜ್ಞರು, ಮೂಳೆ ತಜ್ಞರು ಎಲ್ಲರ ಗಡಿಯಲ್ಲಿ ನಿಂತಿದೆ. ಮೊದಲು ಮನೆಯ ಹತ್ತಿರದ ವೈದ್ಯರಿಗೆ ತೋರಿಸಿ ಅಪಾಯದ ಲಕ್ಷಣಗಳಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ನಂತರ ದಂತ ಕಾಲೇಜಿನ ಆಸ್ಪತ್ರೆಯ 'ಓರಲ್ ಮೆಡಿಸಿನ್ ಮತ್ತು ರೇಡಿಯಾಲಜಿ' ವಿಭಾಗಕ್ಕೆ ಹೋಗುವುದು ಒಳ್ಳೆಯ ದಾರಿ. ಬಾಯಿ ಮತ್ತು ಮುಖದ ನೋವಿನ ಪರೀಕ್ಷೆ ಆ ವಿಭಾಗದ ಕೆಲಸ. ಮೈಗ್ರೇನ್ ಕೂಡ ಇದೆ ಎನಿಸಿದರೆ ನರರೋಗ ತಜ್ಞರ ಸಲಹೆಯೂ ಬೇಕು.

ಹೊರನಾಡ ಕನ್ನಡಿಗರು ಇರುವ ದೊಡ್ಡ ನಗರಗಳಲ್ಲಿ ಸರ್ಕಾರಿ ದಂತ ಆಸ್ಪತ್ರೆಗಳಿವೆ. ಮುಂಬೈಯಲ್ಲಿ ಸರ್ಕಾರಿ ದಂತ ಕಾಲೇಜು ಮತ್ತು ಪಾಲಿಕೆಯ ನಾಯರ್ ದಂತ ಕಾಲೇಜು, ಚೆನ್ನೈಯಲ್ಲಿ ತಮಿಳುನಾಡು ಸರ್ಕಾರಿ ದಂತ ಕಾಲೇಜು, ಹೈದರಾಬಾದಿನಲ್ಲಿ ಸರ್ಕಾರಿ ದಂತ ಕಾಲೇಜು, ದೆಹಲಿಯಲ್ಲಿ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ ಹಾಗೂ ಏಮ್ಸ್‌ನ ದಂತ ಕೇಂದ್ರ ಇವೆ. ಊರಿಗೆ ಬಂದಾಗ ತೋರಿಸುವುದಾದರೆ ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಇದೆ.

ನೋವನ್ನು ಪರಭಾಷೆಯಲ್ಲಿ ವಿವರಿಸುವುದು ಹಲವರಿಗೆ, ವಿಶೇಷವಾಗಿ ಮನೆಯ ಹಿರಿಯರಿಗೆ ಕಷ್ಟ. 'ತಲೆನೋವು' ಎಂದಷ್ಟೇ ಹೇಳಿದರೆ ದವಡೆಯ ಕಡೆ ವೈದ್ಯರ ಗಮನ ಹೋಗದೇ ಇರಬಹುದು. ದವಡೆಗೆ ಹಿಂದಿ ಮತ್ತು ಮರಾಠಿಯಲ್ಲಿ 'ಜಬಡಾ', ತಮಿಳಿನಲ್ಲಿ 'ತಾಡೈ', ತೆಲುಗಿನಲ್ಲಿ 'ದವಡ' ಎನ್ನುತ್ತಾರೆ. ಎಲ್ಲಿ ನೋಯುತ್ತದೆಂದು ಬೆರಳಿಟ್ಟು ತೋರಿಸಿ, 'ಅಗಿದರೆ ಹೆಚ್ಚಾಗುತ್ತದೆ' ಎಂಬುದನ್ನು ತಪ್ಪದೆ ಹೇಳಿ.

ರೋಗ ನಿರ್ಣಯ ಹೆಚ್ಚಾಗಿ ಮಾತು ಮತ್ತು ಕೈಯ ಪರೀಕ್ಷೆಯಿಂದಲೇ ಆಗುತ್ತದೆ. ಹಲ್ಲು ಮತ್ತು ಎಲುಬಿನ ದೋಷ ನೋಡಲು ಒಪಿಜಿ ಎಂಬ ಎಕ್ಸ್-ರೇ ತೆಗೆಸಬಹುದು. ಬಿಲ್ಲೆಯ ಸ್ಥಿತಿ ತಿಳಿಯಬೇಕಾದಾಗ ಎಂಆರ್‌ಐ, ಎಲುಬಿನ ಸವೆತಕ್ಕೆ ಸಿಟಿ ಸ್ಕ್ಯಾನ್ ಬೇಕಾಗಬಹುದು. ಎಲ್ಲರಿಗೂ ಇವೆಲ್ಲ ಬೇಕಿಲ್ಲ.

ಮನೆಯಲ್ಲೇ ಮಾಡಬಹುದಾದ ಆರೈಕೆ

ತುಟಿ ಕೂಡಿರಲಿ, ಹಲ್ಲು ಬಿಡಿಯಾಗಿರಲಿ: ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸುಮ್ಮನಿರುವಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿರಬಾರದು. ಊಟ ಮಾಡುವಾಗ, ನುಂಗುವಾಗ ಮಾತ್ರ ಅವು ತಾಗಬೇಕು. ನಾಲಿಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಹಗುರವಾಗಿ ತಾಗಿಸಿಟ್ಟರೆ ಹಲ್ಲು ತಾನಾಗಿಯೇ ಬಿಡಿಯಾಗುತ್ತದೆ. ಕಂಪ್ಯೂಟರ್ ಪರದೆಯ ಅಂಚಿಗೆ, ಅಡುಗೆಮನೆಯ ಗೋಡೆಗೆ, ವಾಹನದ ಕನ್ನಡಿಗೆ ಬಣ್ಣದ ಸಣ್ಣ ಚುಕ್ಕಿ ಅಂಟಿಸಿ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ತಾಗಿದೆಯೇ ಎಂದು ನೋಡಿಕೊಂಡು ಸಡಿಲಿಸಿ. ಮೊದಲ ಕೆಲವು ದಿನ ಎಷ್ಟು ಬಾರಿ ಹಲ್ಲು ಬಿಗಿದಿರುತ್ತದೆ ಎಂಬುದೇ ಅಚ್ಚರಿ ಹುಟ್ಟಿಸುತ್ತದೆ.

ಮೆತ್ತಗಿನ ಊಟ: ನೋವು ಜೋರಾಗಿರುವ ಒಂದೆರಡು ವಾರ ದವಡೆಗೆ ಹೊರೆ ಕಡಿಮೆ ಮಾಡಿ. ನಮ್ಮ ಅಡುಗೆಯಲ್ಲಿ ಇದಕ್ಕೆ ಕೊರತೆಯಿಲ್ಲ. ಇಡ್ಲಿ, ಉಪ್ಪಿಟ್ಟು, ಮೊಸರನ್ನ, ಪೊಂಗಲ್, ಬಿಸಿಬೇಳೆಬಾತ್, ಗಂಜಿ, ಬೆಂದ ತರಕಾರಿ ಸರಿಹೊಂದುತ್ತವೆ. ಅಗಿಯದೆ ನುಂಗುವ ರಾಗಿಮುದ್ದೆಯಂತೂ ದವಡೆಗೆ ವರ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಕಟಕ್ ರೊಟ್ಟಿ, ಸಂಕ್ರಾಂತಿಯ ಕಬ್ಬು, ಒಣಕೊಬ್ಬರಿ, ಅಡಿಕೆ ಬೇಡ. ಸೇಬು, ಸೀಬೆಯನ್ನು ಕಚ್ಚಿ ತಿನ್ನದೆ ಸಣ್ಣಗೆ ಹೆಚ್ಚಿಕೊಳ್ಳಿ. ದೊಡ್ಡ ಬರ್ಗರ್, ವಡಾಪಾವ್‌ಗೆ ಬಾಯಿ ಅಗಲಿಸುವ ಬದಲು ಮುರಿದು ತಿನ್ನಿ. ಎರಡೂ ಕಡೆಯ ಹಲ್ಲುಗಳಿಂದ ಅಗಿಯಿರಿ. ಆದರೆ ತಿಂಗಳುಗಟ್ಟಲೆ ಬರೀ ಗಂಜಿಯಲ್ಲಿರುವುದು ಬೇಡ, ಸ್ನಾಯುಗಳಿಗೆ ಸ್ವಲ್ಪ ಕೆಲಸವೂ ಬೇಕು.

ಶಾಖ: ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆ ಮತ್ತು ಕಣತಲೆಯ ಮೇಲೆ 15ರಿಂದ 20 ನಿಮಿಷ ಇಡಿ. ಚರ್ಮ ಸುಡುವಷ್ಟು ಬಿಸಿ ಇರಬಾರದು. ಹೊಸದಾಗಿ ಪೆಟ್ಟಾಗಿ ಊತ ಇದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸುಮಾರು 10 ನಿಮಿಷ ಇಡಬಹುದು.

ಮೃದು ವ್ಯಾಯಾಮ: ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿಯೇ ಬಾಯನ್ನು ನಿಧಾನವಾಗಿ ತೆರೆದು ಮುಚ್ಚಿ. ನಾಲಿಗೆ ಅಂಗುಳ ಬಿಡುವ ಮುನ್ನವೇ ನಿಲ್ಲಿಸಿದರೆ ಕೀಲು ಅತಿಯಾಗಿ ಜಾರುವುದಿಲ್ಲ. ಒಂದು ಸಲಕ್ಕೆ 6 ಬಾರಿಯಂತೆ ದಿನಕ್ಕೆ ಹಲವು ಸಲ ಮಾಡಬಹುದು. ಕನ್ನಡಿ ನೋಡಿಕೊಂಡು ಮಾಡಿದರೆ ದವಡೆ ಒಂದು ಕಡೆಗೆ ವಾಲುವುದು ಗೊತ್ತಾಗುತ್ತದೆ. ಕೆನ್ನೆಯ ಸ್ನಾಯುವನ್ನು ಎರಡು ಬೆರಳಿನಿಂದ ವೃತ್ತಾಕಾರದಲ್ಲಿ ಹಗುರವಾಗಿ ಉಜ್ಜುವುದೂ ಹಿತ. ನೋವು ಹೆಚ್ಚಾದರೆ ನಿಲ್ಲಿಸಿ ಫಿಸಿಯೋಥೆರಪಿ ತಜ್ಞರಿಂದ ಕಲಿತುಕೊಳ್ಳಿ.

ಆಕಳಿಕೆ, ಕೂರುವ ಭಂಗಿ, ನಿದ್ದೆ: ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿಯಿಟ್ಟು ಬಾಯಿ ಅತಿಯಾಗಿ ತೆರೆಯದಂತೆ ತಡೆಯಿರಿ. ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಗಂಟೆಗೊಮ್ಮೆ ಎದ್ದು ಕತ್ತು, ಭುಜ ಸಡಿಲಿಸಿ. ಬೋರಲು ಮಲಗಿದರೆ ದವಡೆ ಒತ್ತಿಕೊಳ್ಳುತ್ತದೆ, ಅಂಗಾತ ಅಥವಾ ಪಕ್ಕಕ್ಕೆ ಮಲಗಿ. ಮಧ್ಯಾಹ್ನದ ನಂತರ ಕಾಫಿ ಕಡಿಮೆ ಮಾಡಿ. ಜೋರಾದ ಗೊರಕೆ, ನಡುರಾತ್ರಿ ಉಸಿರುಗಟ್ಟಿ ಏಳುವುದು, ಹಗಲೆಲ್ಲ ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಗೆ ಪರೀಕ್ಷೆ ಮಾಡಿಸಿ. ಬೆಳಗಿನ ತಲೆನೋವಿಗೆ ಅದೂ ಕಾರಣವಾಗಬಲ್ಲದು.

ಯೋಗ, ಪ್ರಾಣಾಯಾಮ: ಉಸಿರಾಟದ ಅಭ್ಯಾಸ ಸ್ನಾಯುಗಳ ಬಿಗಿತ ಇಳಿಸಲು ನೆರವಾಗುತ್ತದೆ. ಭ್ರಾಮರಿ ಪ್ರಾಣಾಯಾಮದಲ್ಲಿ ತುಟಿ ಮುಚ್ಚಿ ಹಲ್ಲು ಬಿಡಿಯಾಗಿಟ್ಟುಕೊಳ್ಳುವ ಕ್ರಮವಿರುವುದರಿಂದ ಅದು ಇಲ್ಲಿ ಅನುಕೂಲ. ಬಾಯಿ ಪೂರ್ತಿ ಅಗಲಿಸಿ ನಾಲಿಗೆ ಚಾಚುವ ಸಿಂಹಾಸನವನ್ನು ಕೀಲು ಸಿಕ್ಕಿಕೊಳ್ಳುವವರು, ಜಾರುವವರು ಮಾಡದಿರುವುದು ಲೇಸು.

ನೋವಿನ ಮಾತ್ರೆಗೆ ಲೆಕ್ಕವಿರಲಿ

ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ ಮಾತ್ರೆಗಳೇ ಇಲ್ಲಿನ ದೊಡ್ಡ ಬಲೆ. ಪ್ಯಾರಸಿಟಮಾಲ್, ಐಬುಪ್ರೊಫೇನ್‌ನಂಥ ಸಾದಾ ನೋವುನಿವಾರಕಗಳನ್ನು ತಿಂಗಳಲ್ಲಿ 15 ಅಥವಾ ಹೆಚ್ಚು ದಿನ, ಹಲವು ಔಷಧ ಬೆರೆತ ಮಾತ್ರೆಗಳನ್ನು ಅಥವಾ ಮೈಗ್ರೇನ್‌ನ ಟ್ರಿಪ್ಟಾನ್ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಹೀಗೆ 3 ತಿಂಗಳು ಮೀರಿ ತೆಗೆದುಕೊಂಡರೆ ಆ ಮಾತ್ರೆಗಳೇ ಹೊಸ ತಲೆನೋವನ್ನು ಹುಟ್ಟಿಸಬಲ್ಲವು. ಮಾತ್ರೆಯ ಪ್ರಭಾವ ಇಳಿದಾಗ ನೋವು, ನೋವಿಗೆ ಮತ್ತೆ ಮಾತ್ರೆ ಎಂಬ ಸುಳಿಗೆ ರೋಗಿ ಸಿಕ್ಕಿಕೊಳ್ಳುತ್ತಾರೆ. ಹೊಟ್ಟೆಹುಣ್ಣು, ಮೂತ್ರಪಿಂಡದ ಹಾನಿಯ ಭಯ ಬೇರೆ. ಗರ್ಭಿಣಿಯರು, ಮೂತ್ರಪಿಂಡ, ಹೃದಯ ಅಥವಾ ಯಕೃತ್ತಿನ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ತೆಗೆದುಕೊಳ್ಳಬಾರದು.

ಕ್ಯಾಲೆಂಡರ್‌ನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಒಂದು ಗುರುತು ಹಾಕುತ್ತಾ ಹೋಗಿ. ತಿಂಗಳ ಕೊನೆಗೆ ಎಣಿಸಿದಾಗ ಬರುವ ಸಂಖ್ಯೆ ವೈದ್ಯರಿಗೂ ಬಹಳ ಉಪಯೋಗಕ್ಕೆ ಬರುತ್ತದೆ.

ವೈದ್ಯಕೀಯ ಚಿಕಿತ್ಸೆ: ಯಾವುದು ಮೊದಲು?

ದೀರ್ಘಕಾಲದ ದವಡೆ ನೋವಿನ ಚಿಕಿತ್ಸೆ ಕುರಿತು ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2023ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಮಾರ್ಗಸೂಚಿ ಪ್ರಕಟಿಸಿತು. ತಜ್ಞರ ಮಾರ್ಗದರ್ಶನದಲ್ಲಿ ದವಡೆಯ ವ್ಯಾಯಾಮ ಮತ್ತು ಭಂಗಿ ಸುಧಾರಣೆ, ಕೈಯಿಂದ ಸ್ನಾಯು ಮತ್ತು ಕೀಲು ಸಡಿಲಿಸುವ ಫಿಸಿಯೋಥೆರಪಿ, ನೋವಿಗೆ ಮನಸ್ಸು ಪ್ರತಿಕ್ರಿಯಿಸುವ ರೀತಿಯನ್ನು ಬದಲಿಸುವ ಸಿಬಿಟಿ ಎಂಬ ಸಮಾಲೋಚನೆ, ಮನೆಯ ಆರೈಕೆಯ ತಿಳಿವಳಿಕೆ, ಇವುಗಳಿಗೆ ಅದು ಬಲವಾದ ಶಿಫಾರಸು ನೀಡಿದೆ. ಶಾಶ್ವತ ಬದಲಾವಣೆ ಮಾಡುವ ಸಾಧನಗಳು, ಬಿಲ್ಲೆ ತೆಗೆಯುವ ಶಸ್ತ್ರಚಿಕಿತ್ಸೆ ಬೇಡ ಎಂದಿದೆ.

ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ನೈಟ್ ಗಾರ್ಡ್ ಎಂಬ ಪ್ಲಾಸ್ಟಿಕ್ ಕವಚವನ್ನು ದಂತವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ಹಲ್ಲು ಸವೆಯದಂತೆ ಅದು ಕಾಯುತ್ತದೆ. ಆದರೆ ದೀರ್ಘಕಾಲದ ನೋವಿಗೆ ಅದೊಂದನ್ನೇ ನೆಚ್ಚಿಕೊಳ್ಳುವುದನ್ನು ಈ ಮಾರ್ಗಸೂಚಿ ಉತ್ತೇಜಿಸುವುದಿಲ್ಲ. ಹಾಕಿಕೊಂಡ ಮೇಲೆ ನೋವು ಹೆಚ್ಚಾದರೆ ಅಥವಾ ಹಲ್ಲುಗಳ ಕೂಡಿಕೆ ಬದಲಾದಂತೆ ಅನಿಸಿದರೆ ಬಳಕೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ನೋವು ತಿಂಗಳುಗಟ್ಟಲೆ ಉಳಿದಾಗ ವೈದ್ಯರು ರಾತ್ರಿ ಹೊತ್ತು ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಕೊಡುವುದುಂಟು. ಚೀಟಿಯಲ್ಲಿ ಅದನ್ನು 'ಖಿನ್ನತೆಯ ಮಾತ್ರೆ' ಎಂದು ಓದಿ ಗಾಬರಿಯಾಗಬೇಕಿಲ್ಲ. ನರದ ನೋವು ಮತ್ತು ತಲೆನೋವು ತಗ್ಗಿಸಲೂ ಅದನ್ನು ಬಳಸುತ್ತಾರೆ. ಜೊತೆಗೆ ಮೈಗ್ರೇನ್ ಇದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ದವಡೆಯನ್ನು ಎಷ್ಟೇ ಸರಿಮಾಡಿದರೂ ಮೈಗ್ರೇನ್ ತಾನಾಗಿ ಹೋಗುವುದಿಲ್ಲ.

ಹಿಂದಿರುಗಲಾಗದ ಚಿಕಿತ್ಸೆಗೆ ಅವಸರ ಬೇಡ

ಈ ಕಾಯಿಲೆಯ ಚರಿತ್ರೆಯಲ್ಲೇ ಪಾಠವಿದೆ. 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ 11 ರೋಗಿಗಳ ವಿವರ ಪ್ರಕಟಿಸಿ, ಕಿವಿನೋವು, ತಲೆನೋವುಗಳಿಗೆ ದವಡೆಯ ಕೀಲಿನ ಜೊತೆ ನಂಟು ಕಟ್ಟಿದರು. ಹಿಂದಿನ ಹಲ್ಲುಗಳು ಬಿದ್ದುಹೋಗಿ ದವಡೆ ಕುಸಿಯುವುದೇ ಕಾರಣ ಎಂಬುದು ಅವರ ವಾದವಾಗಿತ್ತು. ಆ ವಿವರಣೆ ಮುಂದೆ ನಿಲ್ಲಲಿಲ್ಲ. ಆದರೂ ಹಲ್ಲುಗಳ ಕೂಡಿಕೆ ಸರಿಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯಲ್ಲಿ ದಶಕಗಳ ಕಾಲ ಆರೋಗ್ಯವಂತ ಹಲ್ಲುಗಳನ್ನು ಉಜ್ಜಲಾಯಿತು.

1980ರ ದಶಕದಲ್ಲಿ ಅಮೆರಿಕದಲ್ಲಿ ಕೀಲಿನ ಬಿಲ್ಲೆಯ ಬದಲಿಗೆ ಟೆಫ್ಲಾನ್ ಬೆರೆತ ಕೃತಕ ಬಿಲ್ಲೆಗಳನ್ನು ಅನೇಕ ರೋಗಿಗಳಿಗೆ ಕೂರಿಸಲಾಯಿತು. ಅವು ಒಳಗೇ ಪುಡಿಯಾಗಿ ಸುತ್ತಲಿನ ಎಲುಬನ್ನು ಕೊರೆದವು. 1990ರ ದಶಕದ ಆರಂಭದಲ್ಲಿ ಅವನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಮೊದಲಿಗಿಂತ ಹೆಚ್ಚಿನ ನೋವು ಹೊತ್ತು ಬದುಕಬೇಕಾದವರು ಅದರ ರೋಗಿಗಳು.

ಆದ್ದರಿಂದ ನೋವಿನ ಕಾರಣಕ್ಕೇ ಎಲ್ಲ ಹಲ್ಲುಗಳಿಗೂ ಕ್ಯಾಪ್ ಹಾಕುವುದು, ಹಲ್ಲು ಉಜ್ಜುವುದು, ಕ್ಲಿಪ್ ಹಾಕುವುದು, ಕೀಲು ತೆರೆದು ಶಸ್ತ್ರಚಿಕಿತ್ಸೆ ಮಾಡುವುದು ಎಂದು ಯಾರಾದರೂ ಮೊದಲ ಭೇಟಿಯಲ್ಲೇ ಸೂಚಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. 'ಇದನ್ನು ಮಾಡಿಸಿದ ಮೇಲೆ ಬೇಡವೆನಿಸಿದರೆ ಮೊದಲಿನ ಸ್ಥಿತಿಗೆ ತರಬಹುದೇ?' ಎಂಬ ಒಂದೇ ಪ್ರಶ್ನೆ ಕೇಳಿ. ಕೀಲು ಪೂರ್ತಿ ಅಂಟಿಕೊಂಡು ಬಾಯಿಯೇ ತೆರೆಯದ ಸ್ಥಿತಿ, ಗೆಡ್ಡೆ, ಮುರಿತದಂಥ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಅಗತ್ಯವೇ. ಆದರೆ ಅಂಥವರು ಕೆಲವರು ಮಾತ್ರ.

ನೋವಿನ ಜೊತೆ ಬದುಕುವ ದಿನಗಳು

ಮನೆಯ ಆರೈಕೆಯ ಫಲ ಒಂದೆರಡು ದಿನದಲ್ಲಿ ಕಾಣುವುದಿಲ್ಲ. ವಾರಗಳು ಬೇಕು. ಸುಧಾರಿಸಿದ ಮೇಲೂ ಪರೀಕ್ಷೆಯ ದಿನಗಳು, ಮನೆ ಬದಲಾವಣೆ, ಮದುವೆಯ ಓಡಾಟದಂಥ ಹೊತ್ತಿನಲ್ಲಿ ನೋವು ಮತ್ತೆ ತಲೆಯೆತ್ತಬಹುದು. ಚಿಕಿತ್ಸೆ ಸೋತಿತು ಎಂದು ಆಗ ಕೈಚೆಲ್ಲಬೇಕಿಲ್ಲ. ಮೆತ್ತಗಿನ ಊಟ, ಶಾಖ, ಹಲ್ಲು ಬಿಡಿಯಾಗಿಡುವ ಅಭ್ಯಾಸಕ್ಕೆ ಕೆಲವು ದಿನ ಮರಳಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ಒಂದು ಪುಟ್ಟ ಪುಸ್ತಕದಲ್ಲಿ ದಿನಕ್ಕೆ ನಾಲ್ಕೇ ಸಂಗತಿ ಬರೆಯಿರಿ: ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ರಾತ್ರಿ ಎಷ್ಟು ಗಂಟೆ ನಿದ್ದೆ, ಮಾತ್ರೆ ತೆಗೆದುಕೊಂಡಿರೋ ಇಲ್ಲವೋ, ಆ ದಿನದ ವಿಶೇಷ ಏನು. ನಾಲ್ಕು ವಾರದಲ್ಲಿ ನೋವಿನ ನಡೆ ನಿಮಗೇ ಗೊತ್ತಾಗುತ್ತದೆ. ಆರು ವಾರ ಶಿಸ್ತಿನಿಂದ ಆರೈಕೆ ಮಾಡಿದರೂ ಸುಧಾರಿಸದಿದ್ದರೆ ಆ ಪುಸ್ತಕ ಹಿಡಿದೇ ತಜ್ಞರ ಬಳಿ ಹೋಗಿ.

ಮನೆಯವರ ಪಾತ್ರವೂ ಸಣ್ಣದಲ್ಲ. ಈ ನೋವು ಹೊರಗೆ ಕಾಣುವುದಿಲ್ಲ. ಬ್ಯಾಂಡೇಜ್ ಇಲ್ಲ, ಜ್ವರವಿಲ್ಲ. ರಾತ್ರಿ ಹಲ್ಲು ಕಡಿಯುವ ಸದ್ದು ಕೇಳಿದರೆ ಗೇಲಿ ಮಾಡದೆ ತಿಳಿಸಿ. ಊಟ ನಿಧಾನವಾದರೆ ಅವಸರಪಡಿಸಬೇಡಿ. ಕಷ್ಟ ಬಂದಾಗ ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕು ಎಂದು ಹಿರಿಯರು ಹೇಳುವುದುಂಟು. ಈ ನೋವಿಗೆ ಮಾತ್ರ ಆ ಮಾತು ಸಲ್ಲದು. ಹಲ್ಲು ಸಡಿಲಿಸಿ, ನೋವನ್ನು ಬಾಯಿಬಿಟ್ಟು ಹೇಳಿಕೊಂಡು, ಸಮಯಕ್ಕೆ ಸರಿಯಾಗಿ ತೋರಿಸಿಕೊಂಡವರೇ ಬೇಗ ಗುಣವಾಗುತ್ತಾರೆ.

(ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಚಿಕಿತ್ಸೆ ಮತ್ತು ಔಷಧದ ವಿಚಾರದಲ್ಲಿ ನಿಮ್ಮ ವೈದ್ಯರ ಸಲಹೆಯೇ ಅಂತಿಮ.)